ಡಂಪ್ ಅಂದರೆ ಕಸವಲ್ಲ!

ಪ್ರೀತಿಯ ಮಕ್ಕಳೇ, ಅವರ ಜೊತೆ ಕೂತು ಈ ಪುಟ ಓದುವ ಅಜ್ಜ ಅಜ್ಜಿಯರೇ,

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಸಣ್ಣ ಗಲಾಟೆ ಆಯಿತು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಈಮ್ಯಾಕ್ಸ್ ಎಂಬ ಬರವಣಿಗೆಯ ಪ್ರೋಗ್ರಾಂ ಇದೆ. ಈ ಅಂಕಣವನ್ನು ನಾನು ಬರೆಯುವುದೂ ಅದರಲ್ಲೇ. ಎಂಟನೇ ತರಗತಿಯ ಮೊಮ್ಮಗಳು ಅದರ ಹೊಸ ಆವೃತ್ತಿಯನ್ನು ಮೂಲ ಬರಹದಿಂದಲೇ ಕಟ್ಟುತ್ತೇನೆಂದು ಹಟ ಹಿಡಿದು ಕೂತಿದ್ದಳು. ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇದ್ದವು. ಇದ್ದಕ್ಕಿದ್ದಂತೆ 'ಡಂಪಿಂಗ್' ಎಂದು ಶುರುವಾಗುವ ಒಂದು ಸಾಲು ಬಂತು.

"ಅಜ್ಜಾ, ಇಷ್ಟು ಹೊತ್ತು ಕಾದು ಕಟ್ಟಿದ್ದನ್ನೆಲ್ಲ ಕಸಕ್ಕೆ ಸುರೀತಿದೆ!" ಎಂದು ಕೂಗಿ ಅವಳು ನಿಲ್ಲಿಸುವ ಗುಂಡಿಗೆ ಕೈ ಹಾಕಿದಳು. ನಾನು ಕೈ ಹಿಡಿದೆ. "ಸುರಿಯುತ್ತಿರುವುದು ಕಸವಲ್ಲ ಪುಟ್ಟೀ, ಶಿಲ್ಕು" ಎಂದೆ. ಅವಳಿಗೆ ಶಿಲ್ಕು ಎಂದರೆ ಏನೆಂದೂ ಗೊತ್ತಿರಲಿಲ್ಲ. ಹಾಗಾಗಿ ಈ ವಾರದ ಪಾಠ ಇದೇ.

ಶಿಲ್ಕು ಎಂದರೆ ಖಾತೆಯಲ್ಲಿ ಉಳಿದಿರುವ ಹಣ. ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ದಪ್ಪ ರಟ್ಟಿನ ಲೆಡ್ಜರುಗಳಿದ್ದವು, ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಪುಟ. ವರ್ಷಗಟ್ಟಲೆ ಬರೆದು ಲೆಡ್ಜರು ತುಂಬಿದಾಗ ಹೊಸದನ್ನು ತೆರೆಯುತ್ತಿದ್ದೆವು. ಹೊಸ ಲೆಡ್ಜರಿಗೆ ಹಳೆಯದರ ಎಲ್ಲ ಸಾಲುಗಳನ್ನೂ ನಕಲು ಮಾಡುತ್ತಿದ್ದೆವೇ? ಇಲ್ಲ. ಪ್ರತಿಯೊಬ್ಬರ ಕೊನೆಯ ಶಿಲ್ಕನ್ನು ಮಾತ್ರ ಬರೆದು, ಅಲ್ಲಿಂದ ಮುಂದೆ ಸಾಗುತ್ತಿದ್ದೆವು. ಕೂಡಿ ಕಳೆದ ಕೆಲಸ ಒಮ್ಮೆ ಮುಗಿದಿದೆ, ಮತ್ತೆ ಮಾಡುವುದು ಬೇಡ. ಕಂಪ್ಯೂಟರಿನ ಡಂಪ್ ಕೂಡ ಹೀಗೆಯೇ. ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯಲ್ಲಿ ಆ ಕ್ಷಣ ಏನಿದೆಯೋ ಅದನ್ನು ಹಾಗೆಯೇ ಫೈಲಿಗೆ ಬರೆದಿಡುವುದು.

ಇದರಲ್ಲಿ ಒಂದು ವಿಶೇಷ ಬಗೆಯಿದೆ. ಬರೆದಿಟ್ಟ ಆ ಫೈಲೇ ಹೊಸ ಪ್ರೋಗ್ರಾಂ ಆಗಿಬಿಡುತ್ತದೆ! ಅದನ್ನು ಓಡಿಸಿದರೆ, ಮೊದಲಿನ ಪ್ರೋಗ್ರಾಂ ಕಷ್ಟಪಟ್ಟು ಸಿದ್ಧಮಾಡಿಕೊಂಡದ್ದೆಲ್ಲ ಇದರಲ್ಲಿ ಆಗಲೇ ಸಿದ್ಧವಾಗಿರುತ್ತದೆ.

ಇದು ಯಾಕೆ ಬೇಕಾಯಿತು ಎಂಬುದಕ್ಕೆ ಈಮ್ಯಾಕ್ಸ್ ಒಳ್ಳೆಯ ಉದಾಹರಣೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು 1984ರಲ್ಲಿ ಈಗಿನ ಈಮ್ಯಾಕ್ಸನ್ನು ಬರೆಯಲು ಶುರುಮಾಡಿದರು. ಅದರ ತಿರುಳು ಮಾತ್ರ ಸಿ ಭಾಷೆಯಲ್ಲಿದೆ. ಉಳಿದ ಬಹುಪಾಲು ಲಿಸ್ಪ್ ಎಂಬ ಇನ್ನೊಂದು ಭಾಷೆಯಲ್ಲಿ, ಬೇರೆ ಬೇರೆ ಫೈಲುಗಳಲ್ಲಿದೆ. ತಿರುಳಿನ ಪ್ರೋಗ್ರಾಮಿಗೆ ಟಿಈಮ್ಯಾಕ್ಸ್ ಎಂದು ಹೆಸರು. ಪಾಪ, ಅದು ಬರಿಗೈಯಲ್ಲಿ ಹುಟ್ಟುತ್ತದೆ. ಆ ಲಿಸ್ಪ್ ಫೈಲುಗಳನ್ನು ಒಂದೊಂದಾಗಿ ಓದಿ, ಅರ್ಥಮಾಡಿಕೊಂಡು, ಮೆಮೊರಿಯಲ್ಲಿ ಜೋಡಿಸಿಕೊಂಡ ಮೇಲಷ್ಟೇ ಅದು ನಿಜವಾದ ಈಮ್ಯಾಕ್ಸ್. 1980ರ ದಶಕದ ನಿಧಾನದ ಯಂತ್ರಗಳಲ್ಲಿ ಪ್ರತಿಸಲವೂ ಇಷ್ಟನ್ನೆಲ್ಲ ಓದಿಕೊಂಡು ಶುರುವಾಗುವುದೆಂದರೆ ಬಳಸುವವರ ತಾಳ್ಮೆ ಮುಗಿದೇ ಹೋಗುತ್ತಿತ್ತು. ಆದ್ದರಿಂದ ಕಟ್ಟುವಾಗಲೇ ಒಮ್ಮೆ ಎಲ್ಲವನ್ನೂ ಓದಿಸಿ, ಮೆಮೊರಿಯನ್ನು ಈಮ್ಯಾಕ್ಸ್ ಎಂಬ ಹೊಸ ಪ್ರೋಗ್ರಾಂ ಫೈಲಾಗಿ ಬರೆದುಬಿಡುತ್ತಿದ್ದರು. ನಮ್ಮ ಮನೆಗಳಲ್ಲಿ ರಾತ್ರಿಯೇ ಹಿಟ್ಟು ರುಬ್ಬಿಡುವುದಿಲ್ಲವೇ? ಬೆಳಿಗ್ಗೆ ಕಾವಲಿ ಕಾಯಿಸಿದರೆ ದೋಸೆ ತಯಾರು.

ಈಗ ಅದನ್ನು ಬರೆಯುವುದು ಹೇಗೆ ಎಂದು ನೋಡೋಣ. ಸಾಮಾನ್ಯವಾಗಿ ಒಂದು ಪ್ರೋಗ್ರಾಂ ಫೈಲಿನಲ್ಲಿ ಮೂರು ಭಾಗಗಳಿರುತ್ತವೆ ಎಂದುಕೊಳ್ಳಿ. ಮೊದಲನೆಯದು ಆಜ್ಞೆಗಳು, ಅಂದರೆ ಏನು ಮಾಡಬೇಕು ಎಂಬ ನಿಯಮದ ಪುಸ್ತಕ. ಎರಡನೆಯದು ಮೊದಲೇ ತುಂಬಿರುವ ಮಾಹಿತಿ, ಅಂದರೆ ಆರಂಭದ ಶಿಲ್ಕು ಬರೆದ ಪುಟಗಳು. ಮೂರನೆಯದು ಖಾಲಿ ಪುಟಗಳು. ಖಾಲಿ ಪುಟಗಳನ್ನು ಫೈಲಿನಲ್ಲಿ ಸುಮ್ಮನೆ ಇಟ್ಟುಕೊಂಡು ಜಾಗ ಹಾಳುಮಾಡುವುದಿಲ್ಲ. 'ಇಷ್ಟು ಖಾಲಿ ಪುಟ ಬೇಕು' ಎಂಬ ಚೀಟಿ ಮಾತ್ರ ಇರುತ್ತದೆ. ಪ್ರೋಗ್ರಾಂ ಶುರುವಾದಾಗ ಕಂಪ್ಯೂಟರ್ ಅಷ್ಟು ಪುಟ ಕೊಡುತ್ತದೆ. ಇನ್ನೂ ಬೇಕಾದರೆ ನಡುವೆ ಕೇಳಿ ಪಡೆಯಬಹುದು.

ಟಿಈಮ್ಯಾಕ್ಸ್ ಲಿಸ್ಪ್ ಫೈಲುಗಳನ್ನು ಓದಿ ಮುಗಿಸುವ ಹೊತ್ತಿಗೆ ಈ ಖಾಲಿ ಪುಟಗಳೂ ಕೇಳಿ ಪಡೆದ ಪುಟಗಳೂ ಬರಹದಿಂದ ತುಂಬಿರುತ್ತವೆ. ಆಗ ಡಂಪ್ ಮಾಡುವ ಭಾಗ ಹಳೆಯ ಫೈಲಿನ ನಿಯಮದ ಪುಸ್ತಕವನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಆರಂಭದ ಶಿಲ್ಕಿನ ಜಾಗದಲ್ಲಿ ಈ ಕ್ಷಣದ ಶಿಲ್ಕನ್ನು ಬರೆಯುತ್ತದೆ. ಖಾಲಿ ಪುಟದ ಚೀಟಿಯ ಬದಲು ತುಂಬಿದ ಪುಟಗಳನ್ನೇ ಇಡುತ್ತದೆ. ಮೇಲಿನ ಸೂಚಿಯನ್ನು ತಿದ್ದಿ ಫೈಲು ಮುಚ್ಚುತ್ತದೆ. ಹೊಸ ಫೈಲು ಹಳೆಯದಕ್ಕಿಂತ ಯಾಕೆ ಬಹಳ ದಪ್ಪ ಎಂದು ಈಗ ನಿಮಗೇ ಗೊತ್ತಾಯಿತು.

ಹೊಸ ಪ್ರೋಗ್ರಾಂ ನಿಂತ ಜಾಗದಿಂದಲೇ ಮುಂದುವರಿಯುತ್ತದೆಯೇ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಈಮ್ಯಾಕ್ಸ್ ಹಾಗೆ ಮಾಡುವುದಿಲ್ಲ. ಅದು ಎಲ್ಲ ಪ್ರೋಗ್ರಾಮುಗಳ ಹಾಗೆ ಮೊದಲ ಆಜ್ಞೆಯಿಂದಲೇ ಶುರುವಾಗುತ್ತದೆ. ಆದರೆ ಅದರ ಮೆಮೊರಿಯಲ್ಲಿ 'ತಯಾರಿ ಆಗಿದೆ' ಎಂಬ ಒಂದು ಗುರುತು ಇರುತ್ತದೆ. ಬರಿಗೈಯ ಟಿಈಮ್ಯಾಕ್ಸಿನಲ್ಲಿ ಆ ಗುರುತು ಇಲ್ಲ, ಆದ್ದರಿಂದ ಅದು ಫೈಲುಗಳನ್ನು ಓದಲು ಕೂರುತ್ತದೆ. ಹೊಸದರಲ್ಲಿ ಗುರುತು ಇದೆ, ಆದ್ದರಿಂದ ನೇರವಾಗಿ ಕೆಲಸಕ್ಕೆ ಇಳಿಯುತ್ತದೆ.

ಇದೇ ಉಪಾಯ ಈಮ್ಯಾಕ್ಸಿಗಿಂತ ಮೊದಲೇ ಒಂದು ಆಟದಲ್ಲಿತ್ತು. ಆಟ ಎಂದ ಕೂಡಲೇ ಮೊಮ್ಮಗಳ ಕಿವಿ ನೆಟ್ಟಗಾಯಿತು, ನಿಮ್ಮದೂ ಆಗಿರಬೇಕು! ಅಮೆರಿಕದ ವಿಲ್ ಕ್ರೌದರ್ ಎಂಬುವರಿಗೆ ಗುಹೆಗಳಲ್ಲಿ ಓಡಾಡುವ ಹವ್ಯಾಸ. 1970ರ ದಶಕದ ನಡುವಿನಲ್ಲಿ ಅವರು ತಮ್ಮ ಹೆಣ್ಣುಮಕ್ಕಳಿಗೆ ಆಡಲು ಅಡ್ವೆಂಚರ್ ಎಂಬ ಗುಹೆಯ ಆಟ ಬರೆದರು. ಚಿತ್ರವಿಲ್ಲ, ಬರೀ ಮಾತು. 'ಉತ್ತರಕ್ಕೆ ಹೋಗು', 'ದೀಪ ಹಚ್ಚು' ಎಂಬಂತೆ ಇಂಗ್ಲಿಷಿನಲ್ಲಿ ಬೆರಳಚ್ಚಿಸಿ ಆಡಬೇಕು. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ದೊಡ್ಡದು ಮಾಡಿದರು. ಆಗ ಅದು ಓಡುತ್ತಿದ್ದುದು ಪಿಡಿಪಿ-10 ಎಂಬ ಬೀರುಗಳಷ್ಟು ದೊಡ್ಡ ಕಂಪ್ಯೂಟರಿನಲ್ಲಿ. ಆ ಯಂತ್ರದಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ 'ಸೇವ್' ಎಂದು ಬೆರಳಚ್ಚಿಸಿದರೆ ಸಾಕು, ಅದರ ಮೆಮೊರಿ ಓಡಿಸಬಲ್ಲ ಫೈಲಾಗಿ ಉಳಿಯುತ್ತಿತ್ತು.

ಅಡ್ವೆಂಚರ್ ಮೊದಲ ಸಲ ಗುಹೆಯ ಕೋಣೆಗಳ ವಿವರವನ್ನೆಲ್ಲ ಒಂದು ಫೈಲಿನಿಂದ ಓದಿ ಜೋಡಿಸಿಕೊಳ್ಳುತ್ತಿತ್ತು. ಆಮೇಲೆ ಅದನ್ನು ಸೇವ್ ಮಾಡಿಬಿಟ್ಟರೆ ಮುಂದಿನವರಿಗೆ ಕಾಯುವ ಕೆಲಸವಿಲ್ಲ. ಅರ್ಧ ಆಡಿ ಊಟಕ್ಕೆ ಏಳಬೇಕೇ? ಆಟ ನಿಲ್ಲಿಸಿ ಸೇವ್ ಮಾಡಿದರೆ ನಿಮ್ಮ ದೀಪ, ನಿಮ್ಮ ಚಿನ್ನ, ನೀವು ನಿಂತ ಕೋಣೆ ಎಲ್ಲ ಸೇರಿ ನಿಮ್ಮದೇ ಒಂದು ಆಟದ ಫೈಲಾಗುತ್ತಿತ್ತು. ಇನ್ನೊಂದು ತಮಾಷೆ ಕೇಳಿ. ಕೆಲಸದ ಹೊತ್ತಿನಲ್ಲಿ ಎಲ್ಲರೂ ಆಡುತ್ತಾ ಕೂತರೆ ಕಂಪ್ಯೂಟರ್ ಕೆಲಸಕ್ಕೆ ಸಿಗುವುದಿಲ್ಲವಲ್ಲ? ಅದಕ್ಕೆ ಗುಹೆಗೆ ಬಾಗಿಲು ಮುಚ್ಚುವ ವೇಳೆ ಇತ್ತು! ಆ ವೇಳೆಯನ್ನು ಬದಲಾಯಿಸುವ ಹಕ್ಕು ಆಟದ 'ಮಾಂತ್ರಿಕ'ನಿಗೆ ಮಾತ್ರ. ಮಾಂತ್ರಿಕ ವೇಳೆ ಬದಲಿಸಿದ ಮೇಲೂ ಆಟ ನೆನಪಿಸುತ್ತಿತ್ತು: ಮೆಮೊರಿಯನ್ನು ಸೇವ್ ಮಾಡಲು ಮರೆಯಬೇಡಿ, ಇಲ್ಲವಾದರೆ ಬದಲಾವಣೆ ಉಳಿಯುವುದಿಲ್ಲ.

ಲಿಸ್ಪ್ ಭಾಷೆಯ ಎಸ್‌ಬಿಸಿಎಲ್ ಎಂಬ ವ್ಯವಸ್ಥೆಯಲ್ಲಿ ಇಂದಿಗೂ ಈ ಕೆಲಸಕ್ಕೆ ಒಂದು ಆಜ್ಞೆ ಇದೆ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಲಿಸ್ಪನ್ನು ಉಳಿಸು, ಸಾಯಿ'! ಮೆಮೊರಿಯನ್ನು ಫೈಲಿಗೆ ಬರೆದ ಕೂಡಲೇ ಓಡುತ್ತಿದ್ದ ಪ್ರೋಗ್ರಾಂ ಮುಗಿದುಹೋಗುತ್ತದೆ. ಅದರೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿದ್ದರೆ ಅದು ಉಳಿಸಲು ಒಪ್ಪುವುದಿಲ್ಲ. ನಮ್ಮಲ್ಲೂ ಅಷ್ಟೇ. ಶಿಲ್ಕು ಮುಂದಕ್ಕೆ ಒಯ್ಯುವ ಸಂಜೆ ಎಲ್ಲರೂ ಪೆನ್ನು ಕೆಳಗಿಡಬೇಕಿತ್ತು. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ನಕಲು ಮಾಡಿದರೆ ಲೆಕ್ಕ ಕೂಡುವುದಿಲ್ಲ.

ಇಷ್ಟು ಅನುಕೂಲವಿದ್ದರೆ ಎಲ್ಲ ಪ್ರೋಗ್ರಾಮುಗಳೂ ಹೀಗೇಕೆ ಮಾಡುವುದಿಲ್ಲ? ಯಾಕೆಂದರೆ ಮೆಮೊರಿಯಲ್ಲಿ ಇರುವುದೆಲ್ಲ ಮುಂದಕ್ಕೆ ಒಯ್ಯಲು ಯೋಗ್ಯವಲ್ಲ. ಇದನ್ನು ತಿಳಿಯಲು ಒಂದು ಆಟ ಆಡಿ. ಇಂದು ಸಂಜೆ ಅಜ್ಜಿಯ ಜೊತೆ ಐದು ಮನೆಯ ಚೌಕಾಬಾರ ಹಾಕಿ. ನಡುವೆ ನಿಲ್ಲಿಸಿ, ಒಂದು ಕಾಗದದಲ್ಲಿ ಯಾರ ಕಾಯಿ ಎಲ್ಲಿದೆ, ಮುಂದಿನ ಸರದಿ ಯಾರದು ಎಂದು ಬರೆದು ಎಲ್ಲ ಎತ್ತಿಡಿ. ನಾಳೆ ಕಾಗದ ನೋಡಿ ಮತ್ತೆ ಹೂಡಿ. ಆಟ ಮುಂದುವರಿಯುತ್ತದೆ. ಈಗ ಅದೇ ಕಾಗದವನ್ನು ಹಿಡಿದು ಏಳು ಮನೆಯ ಚೌಕದಲ್ಲಿ ಕಾಯಿ ಇಡಲು ಹೋಗಿ. ಮನೆಗಳ ಲೆಕ್ಕವೇ ಬೇರೆ, ಎಲ್ಲ ಕಲಸುಮೇಲೋಗರ. ಅಲ್ಲದೆ ಕಾಗದದಲ್ಲಿ 'ಅಜ್ಜಿ ಎದುರಿಗೆ ಕೂತಿದ್ದಾಳೆ' ಎಂದು ಬರೆದಿದ್ದರೆ, ನಾಳೆ ಅಜ್ಜಿ ಊರಿಗೆ ಹೋಗಿರಬಹುದು!

ಪ್ರೋಗ್ರಾಮಿಗೂ ಇದೇ ತೊಂದರೆ. ಅದು ತೆರೆದಿಟ್ಟುಕೊಂಡ ಫೈಲುಗಳು, ಬೇರೆ ಕಂಪ್ಯೂಟರಿನ ಜೊತೆಗಿನ ಸಂಪರ್ಕ ಇವೆಲ್ಲ ಎದುರಿಗೆ ಕೂತ ಅಜ್ಜಿಯ ಹಾಗೆ. ಬರೆದಿಟ್ಟರೂ ಮರುದಿನ ಇರುವುದಿಲ್ಲ, ಹೊಸದಾಗಿ ಕೇಳಿ ತಿಳಿಯಬೇಕು. ಬಳಸುವವರ ಹೆಸರು, ಕಂಪ್ಯೂಟರಿನ ಹೆಸರು ಕೂಡ ಹಾಗೆಯೇ. ಕಟ್ಟಿದವರ ಹೆಸರು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಕಾಣಬಾರದಲ್ಲ? ಇನ್ನು ಮನೆ ಸಂಖ್ಯೆಯ ವಿಷಯ. ಮೆಮೊರಿಯ ಪ್ರತಿಯೊಂದು ಜಾಗಕ್ಕೂ ಒಂದು ಸಂಖ್ಯೆ ಇದೆ. 'ಈ ಪದ ಇಂಥ ಸಂಖ್ಯೆಯ ಮನೆಯಲ್ಲಿದೆ' ಎಂಬ ಸಾವಿರಾರು ಟಿಪ್ಪಣಿಗಳು ಪ್ರೋಗ್ರಾಮಿನೊಳಗೆ ಇರುತ್ತವೆ. ಈಗಿನ ಕಂಪ್ಯೂಟರುಗಳು ಕಳ್ಳರಿಗೆ ದಾರಿ ಸಿಗದಿರಲೆಂದು ಪ್ರತಿಸಲವೂ ಮನೆಗಳನ್ನು ಬೇರೆ ಬೇರೆ ಕಡೆ ಕೊಡುತ್ತವೆ. ಹಳೆಯ ಸಂಖ್ಯೆ ಹಿಡಿದು ಹೋದರೆ ಅಲ್ಲಿ ಬೇರೆಯವರ ಮನೆ!

ಮೆಮೊರಿಯನ್ನು ಹಂಚುವ ಕೆಲಸ ಮಾಡುವುದು ಗ್ನೂ ಸಿ ಲೈಬ್ರರಿಯಂಥ ಒಂದು ಸಾಮಾನು. ಅದರ ಸ್ವಂತ ಲೆಕ್ಕದ ಪುಸ್ತಕವೂ ಮೆಮೊರಿಯಲ್ಲೇ ಇರುವುದರಿಂದ ಅದೂ ಡಂಪಿನಲ್ಲಿ ಹೆಪ್ಪುಗಟ್ಟುತ್ತಿತ್ತು. ಈಮ್ಯಾಕ್ಸಿಗೋಸ್ಕರ ಆ ಲೈಬ್ರರಿಯವರು ಹಳೆಯ ಪುಸ್ತಕದ ರೀತಿಯನ್ನು ಬದಲಾಯಿಸದೆ ಕಾಪಾಡಬೇಕಿತ್ತು. ಇನ್ನು ಇದು ಆಗದು, ಈ ಸೌಕರ್ಯ ತೆಗೆಯುತ್ತೇವೆ ಎಂಬ ಮಾತು 2016ರ ಆರಂಭದಲ್ಲಿ ಬಂತು. ಈಮ್ಯಾಕ್ಸಿನವರು ಕೂತು ಯೋಚಿಸಿದರು. 2020ರ ಆಗಸ್ಟಿನಲ್ಲಿ ಬಂದ 27.1ನೇ ಆವೃತ್ತಿಯಲ್ಲಿ ಹೊಸ ವಿಧಾನ ಬಂತು. ಮೆಮೊರಿಯನ್ನು ಇಡಿಯಾಗಿ ಪ್ರೋಗ್ರಾಂ ಮಾಡುವ ಬದಲು, ಬೇಕಾದುದನ್ನು ಮಾತ್ರ ಆರಿಸಿ ಪಕ್ಕದಲ್ಲಿ ಬೇರೊಂದು ಫೈಲಿನಲ್ಲಿ ಇಡುವುದು. ಅದರಲ್ಲಿ ವಿಳಾಸಗಳನ್ನು 'ಬಾಗಿಲಿನಿಂದ ಇಷ್ಟನೇ ಮನೆ' ಎಂಬ ರೀತಿಯಲ್ಲಿ ಬರೆಯುತ್ತಾರೆ. ಬಾಗಿಲು ಎಲ್ಲೇ ಇರಲಿ, ಅಲ್ಲಿಂದ ಎಣಿಸಿಕೊಂಡರಾಯಿತು. ಆ ಫೈಲು ಅದೇ ಪ್ರೋಗ್ರಾಮಿಗೆ ಸೇರಿದ್ದೇ ಎಂದು ನೋಡಲು ಒಂದು 'ಬೆರಳಚ್ಚು' ಕೂಡ ಇದೆ. ಹೊಂದದಿದ್ದರೆ ತೆರೆಯುವುದಿಲ್ಲ. ಹೆಬ್ಬೆಟ್ಟು ನೋಡಿ ಹಣ ಕೊಡುತ್ತಿದ್ದ ನನಗೆ ಇದನ್ನು ಓದಿ ನಗು ಬಂತು. ಭಾನುವಾರ ಮೊಮ್ಮಗಳು ಕಂಡ ಸಾಲು ಈ ಹೊಸ ವಿಧಾನದ್ದೇ.

"ಹಾಗಾದರೆ ಅಜ್ಜ, ಒಮ್ಮೆ ಡಂಪ್ ಮಾಡಿಟ್ಟರೆ ಆ ಮೂಲ ಫೈಲುಗಳೆಲ್ಲ ಯಾಕೆ ಬೇಕು? ಅಳಿಸಿ ಜಾಗ ಮಾಡಲಾ?" ಎಂದಳು. ಆಗ ನಾನು ಅವಳಿಗೆ ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ. ನನಗೆ ಹೆಮ್ಮೆ ತರುವ ಕಥೆಯಲ್ಲ.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಶಾಖೆಯಲ್ಲಿ ಹೂ ಮಾರುವ ಒಬ್ಬ ಅಮ್ಮನ ಖಾತೆ ಇತ್ತು. ಒಂದು ದಿನ ಮಗಳ ಬಾಣಂತನಕ್ಕೆಂದು ಹಣ ತೆಗೆಯಲು ಬಂದರು. ಅವರ ಪಾಸ್ ಪುಸ್ತಕದಲ್ಲಿದ್ದ ಶಿಲ್ಕಿಗಿಂತ ಲೆಡ್ಜರಿನಲ್ಲಿ 150 ರೂಪಾಯಿ ಕಡಿಮೆ ಇತ್ತು. ಆ ಕಾಲಕ್ಕೆ ಅದು ಅವರಿಗೆ ಬಹಳ ದೊಡ್ಡ ಹಣ. ನಾನು ಲೆಡ್ಜರನ್ನು ಮತ್ತೆ ಮತ್ತೆ ಕೂಡಿದೆ. ಸರಿಯಾಗಿತ್ತು. ಇಡೀ ಲೆಡ್ಜರಿನ ಒಟ್ಟು ಮೊತ್ತವೂ ಸರಿಯಾಗಿತ್ತು. "ಅಮ್ಮಾ, ಲೆಡ್ಜರು ಸುಳ್ಳು ಹೇಳುವುದಿಲ್ಲ" ಎಂದುಬಿಟ್ಟೆ. ಅವರು ವಾದ ಮಾಡಲಿಲ್ಲ. ಹೋಗಲೂ ಇಲ್ಲ. ಬೆಂಚಿನ ಮೇಲೆ ಕೂತರು.

ಊಟದ ಹೊತ್ತು ಕಳೆದರೂ ಅವರು ಅಲ್ಲೇ ಇದ್ದರು. ನನಗೆ ಅನ್ನ ಇಳಿಯಲಿಲ್ಲ. ಹಿಂದಿನ ಕೋಣೆಗೆ ಹೋಗಿ ಹುರಿ ಕಟ್ಟಿಟ್ಟಿದ್ದ ಹಳೆಯ ಲೆಡ್ಜರನ್ನು ಇಳಿಸಿ, ಧೂಳು ಒರೆಸಿ, ಚಲನ್‌ಗಳ ಕಟ್ಟಿನ ಜೊತೆ ಒಂದೊಂದೇ ಸಾಲು ನೋಡುತ್ತಾ ಹೋದೆ. ಸಿಕ್ಕಿತು. ಅವರು ಕಟ್ಟಿದ್ದ 150 ರೂಪಾಯಿ ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ಹೋಗಿತ್ತು. ಒಬ್ಬರದು ಇನ್ನೊಬ್ಬರಿಗೆ ಹೋದರೆ ಒಟ್ಟು ಮೊತ್ತ ಬದಲಾಗುವುದಿಲ್ಲವಲ್ಲ, ಆದ್ದರಿಂದ ಯಾರಿಗೂ ಕಂಡಿರಲಿಲ್ಲ. ಆ ತಪ್ಪು ಸಾಲಿನ ಅಕ್ಷರ ನನ್ನದೇ. ಆ ಶಿಲ್ಕನ್ನು ಹೊಸ ಲೆಡ್ಜರಿಗೆ ಒಯ್ದ ಅಕ್ಷರವೂ ನನ್ನದೇ.

ಇನ್ನೊಬ್ಬರ ಖಾತೆಯಲ್ಲಿ ಹಣ ಹಾಗೆಯೇ ಇತ್ತು, ನನ್ನ ಪುಣ್ಯ. ಅಂದೇ ಸಂಜೆ ತಿದ್ದಿ ಹಣ ಕೊಟ್ಟೆವು. ಅವರು ಎರಡು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಏನೂ ಹೇಳದೆ ಹೊರಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಕ್ಕಳೇ, ಹೊಸ ಲೆಡ್ಜರು ನೋಡಲು ಎಷ್ಟು ಚೊಕ್ಕ! ಆದರೆ ಅದರಲ್ಲಿ ಶಿಲ್ಕು ಇದೆ, ಶಿಲ್ಕು ಹೇಗೆ ಬಂತು ಎಂಬುದಿಲ್ಲ. ಡಂಪಿನಲ್ಲೂ ಅಷ್ಟೇ. ಮೆಮೊರಿಯಲ್ಲಿ ತಪ್ಪಿದ್ದರೆ ತಪ್ಪೂ ಸಮೇತ ಹೆಪ್ಪುಗಟ್ಟುತ್ತದೆ, ಪ್ರತಿಸಲ ಓಡಿಸಿದಾಗಲೂ ಅದೇ ತಪ್ಪು ಹೊಸದಾಗಿ ಎದ್ದು ಬರುತ್ತದೆ. ಗುಟ್ಟಿನ ಪದ ಇದ್ದರೆ ಅದೂ ಅದರೊಳಗೆ ಇರುತ್ತದೆ. ಅಜ್ಜ ಅಜ್ಜಿಯರೇ, ಇಂಥ ಫೈಲನ್ನು ಯಾರಾದರೂ ಕಳಿಸಿಕೊಡಿ ಎಂದರೆ ಮನೆಯ ಮಕ್ಕಳನ್ನು ಒಂದು ಮಾತು ಕೇಳಿ. ಡಂಪ್ ಇದ್ದರೂ ಈಮ್ಯಾಕ್ಸ್ ಬರೆಯುವವರು ಮೂಲ ಫೈಲುಗಳನ್ನೇ ಜೋಪಾನ ಮಾಡುತ್ತಾರೆ. ತಿದ್ದುವುದಿದ್ದರೆ ಅಲ್ಲಿ ತಿದ್ದಿ, ಡಂಪನ್ನು ಹೊಸದಾಗಿ ಮಾಡುತ್ತಾರೆ. ನಮ್ಮ ಹಿಂದಿನ ಕೋಣೆಯ ಹಳೆಯ ಲೆಡ್ಜರು ಆ ಮಧ್ಯಾಹ್ನ ಇಲ್ಲದೇ ಹೋಗಿದ್ದರೆ ಆ ಅಮ್ಮ ಬರಿಗೈಯಲ್ಲಿ ಹೋಗುತ್ತಿದ್ದರು, ನಾನು ಸರಿ ಎಂದೇ ತಿಳಿದಿರುತ್ತಿದ್ದೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೂಲ ಫೈಲುಗಳ ಕಡತಕ್ಕೆ 'ಅಳಿಸಬೇಡಿ' ಎಂದು ಹೆಸರು ಬದಲಿಸಿಟ್ಟಳು.

ಈ ವಾರದ ಕೆಲಸ: ಚೌಕಾಬಾರದ ಕಾಗದದಲ್ಲಿ ನೀವು ಏನೇನು ಬರೆದಿರಿ, ಬರೆಯಲು ಏನು ಮರೆತಿರಿ, ಏನು ಬರೆಯಬೇಕಿರಲಿಲ್ಲ ಎಂದು ಮೂರು ಪಟ್ಟಿ ಮಾಡಿ ಕಳಿಸಿ. ಅಜ್ಜಿ ಗೆದ್ದರೋ ನೀವು ಗೆದ್ದಿರೋ ಎಂಬುದನ್ನೂ ತಿಳಿಸಿ. ಮುಂದಿನ ವಾರ ಸಿಗೋಣ.

ನಿಮ್ಮ,
ಲೆಕ್ಕದ ಅಜ್ಜ